ನಾಲ್ಕು ಗಂಟೆಯ ಮೇಲೆ ಶಾಲೆಯ ಬೀಗದ ಕೈ ಯಾರ ಹತ್ತಿರ ಇರಬೇಕು?

(ಶಿಕ್ಷಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಶಾಲೆ ಮತ್ತು ಸಮುದಾಯದ ಸಹಭಾಗಿತ್ವ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಏನು ಹೇಳಿ? ಒಂದು ಬ್ಯಾನರ್, ಹತ್ತು ಹೊಸ ಬೆಂಚು, ಬೆಂಚಿನ ಬೆನ್ನಿಗೆ ದಾನಿಗಳ ಹೆಸರು, ಕೊನೆಗೊಂದು ಗ್ರೂಪ್ ಫೋಟೊ. ಬೆಂಚು ಬೇಕು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಕೊಡುವವರು ಯಾವಾಗಲೂ ಹೊರಗಿನವರು, ತೆಗೆದುಕೊಳ್ಳುವುದು ಯಾವಾಗಲೂ ಶಾಲೆ. ಈವತ್ತು ನಾನು ಹೇಳಲು ಹೊರಟಿರುವುದು ಇದಕ್ಕೆ ಉಲ್ಟಾ. ಶಾಲೆ ಏನನ್ನು ಬಿಟ್ಟುಕೊಡಲು ತಯಾರಿದೆ ಅನ್ನುವುದರ ಮೇಲೆ ಸಹಭಾಗಿತ್ವದ ಬೆಲೆ ನಿಂತಿದೆ. ಒಂದು ಕೋಣೆ, ಒಂದು ತೀರ್ಮಾನ, ‘ಎಲ್ಲ ನಮಗೇ ಗೊತ್ತು’ ಅನ್ನುವ ಭಾವನೆ, ಇವುಗಳಲ್ಲಿ ಯಾವುದನ್ನಾದರೂ.

ಇನ್ನೊಂದು ಮಾತು. ನಾನು ಇಲ್ಲಿ ಹೇಳುವುದೆಲ್ಲ ಹೆಚ್ಚುಕಮ್ಮಿ ನಡುಗಾತ್ರದ ನಗರಗಳ ಕಥೆ. ರಾಜಧಾನಿಗಳಲ್ಲ, ಹಳ್ಳಿಗಳೂ ಅಲ್ಲ. ಅದಕ್ಕೆ ಕಾರಣ ಇದೆ, ಮುಂದೆ ಹೇಳುತ್ತೇನೆ.

ಮೊದಲು ಬೀಗದ ಕೈ ವಿಷಯಕ್ಕೆ ಬರೋಣ. 1935ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರು. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಕಾರು ತಯಾರಿಸುವ ಊರು. ಆರ್ಥಿಕ ಕುಸಿತದ ಕಾಲ, ಕೆಲಸ ಇಲ್ಲ, ಹುಡುಗರು ಬೀದಿಯಲ್ಲಿ. ಅಲ್ಲಿನ ಶಾಲೆಗಳ ದೈಹಿಕ ಶಿಕ್ಷಣ ನೋಡಿಕೊಳ್ಳುತ್ತಿದ್ದ ಫ್ರಾಂಕ್ ಮ್ಯಾನ್ಲಿ ಎಂಬವರು ರೋಟರಿ ಕ್ಲಬ್‌ನಲ್ಲಿ ಮಾತಾಡುತ್ತಾ ಒಂದು ಸರಳ ಪ್ರಶ್ನೆ ಎತ್ತಿದರು: ಜನರ ತೆರಿಗೆಯಲ್ಲಿ ಕಟ್ಟಿದ ಜಿಮ್ನೇಷಿಯಂ, ಮೈದಾನಗಳಿಗೆ ಸಂಜೆ ಯಾಕೆ ಬೀಗ? ಕೇಳುತ್ತಾ ಕೂತಿದ್ದವರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಮಾಟ್ ಇದ್ದರು. ಜನರಲ್ ಮೋಟಾರ್ಸ್‌ನ ದೊಡ್ಡ ಷೇರುದಾರ, ಹಿಂದೆ ಆ ಊರಿನ ಮೇಯರ್ ಕೂಡ ಆಗಿದ್ದವರು. ಅವರ ಪ್ರತಿಷ್ಠಾನ ಹಣ ಕೊಟ್ಟಿತು. ಐದು ಶಾಲೆಗಳು ಸಂಜೆ ಮತ್ತು ರಜೆ ದಿನಗಳಲ್ಲಿ ತೆರೆದವು.

ಶುರುವಾದದ್ದು ಸುಮ್ನೆ ಆಟಕ್ಕೆ. ಆದರೆ ಮಕ್ಕಳು ಆಡಲು ಬಂದಾಗ ಅವರ ಮೈಯ ಸ್ಥಿತಿ ಕಂಡಿತು. ಹಲ್ಲು ಹಾಳಾಗಿದೆ, ಹೊಟ್ಟೆಗೆ ಸಾಲದು. ಮನೆಗಳಿಗೆ ಶಿಕ್ಷಕರನ್ನು ಕಳಿಸಿದರು. ಆಮೇಲೆ ಮಕ್ಕಳ ಆರೋಗ್ಯ ತಪಾಸಣೆ ಬಂತು, ದೊಡ್ಡವರಿಗೆ ಸಂಜೆ ತರಗತಿ ಬಂತು. ಯಾರೂ ಮೊದಲೇ ಕೂತು ಯೋಜನೆ ಹಾಕಿರಲಿಲ್ಲ. ಬಾಗಿಲು ತೆಗೆದ ಮೇಲೆ ಒಂದರ ಹಿಂದೆ ಒಂದು ಕಾಣಿಸುತ್ತಾ ಹೋಯಿತು. ಬೇರೆ ಊರುಗಳಿಂದ ಜನ ನೋಡಲು ಬರತೊಡಗಿದರು.

ಕಥೆ ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ 1936ರ ಕೊನೆಯಲ್ಲಿ ಅದೇ ಕಂಪನಿಯ ಕಾರ್ಮಿಕರು ಅದೇ ಊರಿನ ಕಾರ್ಖಾನೆಗಳ ಒಳಗೇ ಕುಳಿತು 44 ದಿನ ಮುಷ್ಕರ ಹೂಡಿದರು. ಈಗ ಯೋಚನೆ ಮಾಡಿ. ಮಕ್ಕಳ ಆಟಕ್ಕೆ ದುಡ್ಡು ಕೊಡುವವರು ಕಂಪನಿಯ ಷೇರುದಾರರು, ಆ ಮಕ್ಕಳ ಅಪ್ಪಂದಿರು ಮುಷ್ಕರದಲ್ಲಿ. ಮಾಟ್ ಅವರ ಉದ್ದೇಶದ ಮೇಲೆ ನನಗೆ ಅನುಮಾನ ಇಲ್ಲ. ಆದರೆ ಇಡೀ ಊರಿನ ಶಾಲೆಗಳು ಒಂದೇ ಕೈಯತ್ತ ನೋಡುವಂತೆ ಆದರೆ ಆ ಕೈ ಎಷ್ಟೇ ಒಳ್ಳೆಯದಿರಲಿ, ಅದು ಸಹಭಾಗಿತ್ವ ಅನ್ನಿಸಿಕೊಳ್ಳುವುದಿಲ್ಲ. ನಡುಗಾತ್ರದ ಊರುಗಳಿಗೆ ಈ ಅಪಾಯ ಜಾಸ್ತಿ. ಅಲ್ಲಿ ದೊಡ್ಡ ಕಂಪನಿ ಅಂದರೆ ಒಂದೋ ಎರಡೋ. ಮುಂದಿನ ದಶಕಗಳಲ್ಲಿ ಫ್ಲಿಂಟ್‌ನಿಂದ ಕಾರ್ಖಾನೆಗಳು ಕಾಲ್ತೆಗೆದಾಗ ಊರು ಕೆಲಸ ಕಳೆದುಕೊಂಡು ಬಡವಾಯಿತು.

ಹಾಗಾದರೆ ನಡುಗಾತ್ರದ ಊರಿಗೆ ಇರುವ ಲಾಭ ಏನು? ಎಲ್ಲರೂ ಒಬ್ಬರಿಗೊಬ್ಬರು ಕೈಗೆ ಸಿಗುತ್ತಾರೆ. ಮಹಾನಗರದಲ್ಲಿ ನೂರು ಆಸ್ಪತ್ರೆ ಇರುತ್ತವೆ, ಯಾವುದೂ ‘ನಮ್ಮ ಶಾಲೆಯ’ ಆಸ್ಪತ್ರೆ ಅಲ್ಲ. ಸಣ್ಣ ಹಳ್ಳಿಯಲ್ಲಿ ಎಲ್ಲರೂ ಪರಿಚಯ, ಆದರೆ ಕಾಲೇಜಿಲ್ಲ, ಪ್ರಯೋಗಾಲಯವಿಲ್ಲ. ನಡುವಿನ ಊರಿನಲ್ಲಿ ಒಂದು ದೊಡ್ಡ ಆಸ್ಪತ್ರೆ, ಒಂದು ಗ್ರಂಥಾಲಯ, ಎರಡು ಮೂರು ಕಾಲೇಜು, ಒಂದಷ್ಟು ವರ್ಕ್‌ಶಾಪು ಇರುತ್ತವೆ. ಆಸ್ಪತ್ರೆಯ ನರ್ಸಮ್ಮನ ಮಗಳು ನಾಲ್ಕನೇ ತರಗತಿಯಲ್ಲಿ ಓದುತ್ತಿರುತ್ತಾಳೆ. ಗ್ರಂಥಪಾಲಕರು ಅದೇ ಶಾಲೆಯ ಹಳೆಯ ವಿದ್ಯಾರ್ಥಿ. ಪತ್ರ ಬರೆದು ಮೂರು ತಿಂಗಳು ಕಾಯಬೇಕಿಲ್ಲ, ಒಂದು ಫೋನ್ ಸಾಕು.

ಇದೇ ಗುಣಕ್ಕೆ ಇನ್ನೊಂದು ಮುಖವೂ ಇದೆ. ಊರಿನ ಯಾವ ಸಮಿತಿಗೆ ಹೋದರೂ ಅದೇ ಹತ್ತು ಮುಖಗಳು. ಕ್ರೀಡಾ ಸಮಿತಿಯ ಅಧ್ಯಕ್ಷರೇ ಗ್ರಂಥಾಲಯ ಸಮಿತಿಯ ಉಪಾಧ್ಯಕ್ಷರು, ಅವರೇ ಶಾಲೆಯ ಹಿತೈಷಿಗಳು. ಅವರು ಕೆಟ್ಟವರಲ್ಲ. ಕರೆದರೆ ಬರುವವರು ಅವರೇ ಆದ್ದರಿಂದ ಎಲ್ಲರೂ ಅವರನ್ನೇ ಕರೆಯುತ್ತಾರೆ. ಗಾರೆ ಕೆಲಸದವರು, ಮನೆಗೆಲಸದವರು, ರಾತ್ರಿ ಪಾಳಿಯವರು ಆ ಕೋಣೆಯಲ್ಲಿ ಇರುವುದೇ ಇಲ್ಲ. ಶಾಲೆಯಲ್ಲಿ ಇರುವುದು ಅವರ ಮಕ್ಕಳೇ ಜಾಸ್ತಿ, ಅಲ್ವಾ?

ಈಗ ಇಟಲಿಗೆ ಹೋಗೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ನನಗೆ ಗೊತ್ತಿರುವ ಉದಾಹರಣೆಗಳಲ್ಲಿ ಇದೇ ಗಟ್ಟಿಯಾದದ್ದು. ರೆಜ್ಜೊ ಎಮಿಲಿಯಾ ಉತ್ತರ ಇಟಲಿಯ ಒಂದು ನಗರ. ಈಗಲೂ ಜನಸಂಖ್ಯೆ ಎರಡು ಲಕ್ಷ ದಾಟಿಲ್ಲ. 1945ರ ವಸಂತದಲ್ಲಿ ಯುದ್ಧ ಮುಗಿದು ಕೆಲವೇ ದಿನ ಆಗಿತ್ತು. ನಗರದ ಹೊರಗಿನ ವಿಲ್ಲಾ ಚೆಲ್ಲಾ ಎಂಬ ಹಳ್ಳಿಯಲ್ಲಿ ಜರ್ಮನ್ ಸೈನಿಕರು ಬಿಟ್ಟು ಓಡಿದ ಒಂದು ಟ್ಯಾಂಕ್, ಕೆಲವು ಲಾರಿ, ಕುದುರೆಗಳು ಉಳಿದಿದ್ದವು. ಜನ ಅವನ್ನು ಮಾರಿದರು. ಬಂದ ದುಡ್ಡಲ್ಲಿ ಚಿಕ್ಕ ಮಕ್ಕಳಿಗೆ ಶಾಲೆ ಕಟ್ಟಲು ಹೊರಟರು. ಜಾಗ ಒಬ್ಬ ರೈತ ಕೊಟ್ಟದ್ದು. ಇಟ್ಟಿಗೆ, ತೊಲೆ ಬಾಂಬಿಗೆ ಬಿದ್ದ ಮನೆಗಳದ್ದು. ಮರಳು ಹೊಳೆಯದ್ದು. ಕೂಲಿ ಎಲ್ಲರದ್ದು.

ಸುದ್ದಿ ಕೇಳಿ ಲೋರಿಸ್ ಮಾಲಗುಟ್ಸಿ ಎಂಬ ಯುವ ಶಿಕ್ಷಕ ಸೈಕಲ್ ತುಳಿದುಕೊಂಡು ಅಲ್ಲಿಗೆ ಹೋದರು. ಕಲಿಸಲು ಹೋದವರು ಅಲ್ಲೇ ಕಲಿಯುತ್ತಾ ಉಳಿದರು. ಅವರ ಜೊತೆ ಊರಿನ ಹೆಂಗಸರ ಸಂಘಟನೆ ಗಟ್ಟಿಯಾಗಿ ನಿಂತಿತ್ತು. ಕೆಲಸಕ್ಕೆ ಹೋಗುವ ತಾಯಂದಿರಿಗೆ ಮಕ್ಕಳನ್ನು ಬಿಡಲು ಒಂದು ಜಾಗ ಬೇಕಿತ್ತು, ಆದರೆ ‘ಸುಮ್ನೆ ಕಾಯುವ’ ಜಾಗ ಬೇಡ ಅಂತ ಅವರೇ ಹೇಳಿದರು. ಇಂಥ ಒತ್ತಡದಿಂದಲೇ 1963ರಲ್ಲಿ ನಗರಾಡಳಿತ ತನ್ನ ಮೊದಲ ಶಿಶುಶಾಲೆಯನ್ನು ತೆರೆಯಿತು. ಇವತ್ತು ಪ್ರಪಂಚದ ನಾನಾ ಕಡೆ, ಮಕ್ಕಳ ಕುತೂಹಲದ ಬೆನ್ನು ಹತ್ತಿ ಕಲಿಸುವ ಈ ಕ್ರಮಕ್ಕೆ ‘ರೆಜ್ಜೊ ಪದ್ಧತಿ’ ಎಂದು ಬೋರ್ಡು ಹಾಕಿಕೊಂಡು ದುಬಾರಿ ಶುಲ್ಕ ಕೇಳುವ ಶಾಲೆಗಳಿವೆ. ಅದರ ಮೂಲ ಮಾತ್ರ ನಗರಾಡಳಿತದ ಶಾಲೆಗಳು. ಈ ವಿಚಿತ್ರ ನನಗೆ ಯಾವಾಗಲೂ ನಗು ತರಿಸುತ್ತದೆ.

ಅಲ್ಲಿನ ಒಂದು ಘಟನೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. 1976ರಲ್ಲಿ ಈ ಶಾಲೆಗಳ ಮೇಲೆ ಸಾರ್ವಜನಿಕವಾಗಿ ದೊಡ್ಡ ದಾಳಿ ನಡೆಯಿತು. ಇವು ಮಕ್ಕಳನ್ನು ಕೆಡಿಸುತ್ತಿವೆ, ಧರ್ಮಕ್ಕೆ ವಿರೋಧ, ಎಂದು ಕ್ಯಾಥೊಲಿಕ್ ಶಾಲೆಗಳ ಕಡೆಯಿಂದ ಆರೋಪ ಬಂತು. ಸಾಮಾನ್ಯವಾಗಿ ಶಾಲೆಗಳು ಆಗ ಏನು ಮಾಡುತ್ತವೆ? ಗೇಟು ಹಾಕಿಕೊಂಡು ಒಂದು ಪತ್ರಿಕಾ ಹೇಳಿಕೆ ಕೊಡುತ್ತವೆ. ಮಾಲಗುಟ್ಸಿ ಗೇಟು ತೆಗೆದರು. ಆರೋಪ ಮಾಡಿದ ಪಾದ್ರಿಗಳನ್ನೇ ಶಾಲೆಯ ಒಳಗೆ ಕರೆದರು. ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಪೋಷಕರು, ಶಿಕ್ಷಕರು, ವಿರೋಧಿಗಳು ಎಲ್ಲ ಒಂದೇ ಕೋಣೆಯಲ್ಲಿ. ಕೊನೆಗೆ ಶಾಲೆಗಳು ಇನ್ನಷ್ಟು ಗಟ್ಟಿಯಾಗಿ ನಿಂತವು. ಪೋಷಕರು ಮೊದಲಿನಿಂದ ಶಾಲೆಯ ಒಳಗಿದ್ದರಲ್ಲ, ಅದು ಆಗ ಕೆಲಸಕ್ಕೆ ಬಂತು. ಜಗಳ ಬಂದ ಮೇಲೆ ಸಮುದಾಯವನ್ನು ಹುಡುಕಿಕೊಂಡು ಹೋದರೆ ಯಾರೂ ಸಿಗುವುದಿಲ್ಲ.

ಅದೇ ಊರಿನಲ್ಲಿ 1996ರಿಂದ ‘ರೆಮಿಡಾ’ ಎಂಬ ಒಂದು ಕೇಂದ್ರ ಇದೆ. ಸುತ್ತಲಿನ ಕಾರ್ಖಾನೆ, ಅಂಗಡಿಗಳಲ್ಲಿ ಉಳಿಯುವ ಚೂರುಪಾರು ಅಲ್ಲಿಗೆ ಬರುತ್ತದೆ. ಕಾಗದದ ಅಂಚು, ಬಟ್ಟೆ ತುಂಡು, ಚರ್ಮ, ರಬ್ಬರ್, ಮಾರಾಟಕ್ಕೆ ಆಗದ ಪ್ಲಾಸ್ಟಿಕ್ ಭಾಗಗಳು. ಅದನ್ನೆಲ್ಲ ಬಣ್ಣಕ್ಕೆ, ಆಕಾರಕ್ಕೆ ತಕ್ಕಂತೆ ವಿಂಗಡಿಸಿ ಕಪಾಟಿನಲ್ಲಿ ಜೋಡಿಸುತ್ತಾರೆ. ಶಿಕ್ಷಕರು ಬಂದು ಬೇಕಾದ್ದು ಒಯ್ಯುತ್ತಾರೆ. ಇಲ್ಲಿ ಯಾರೂ ದಾನಿ ಅಲ್ಲ. ಕಾರ್ಖಾನೆಗೆ ಕಸ ವಿಲೇವಾರಿ ಆಯಿತು, ಶಾಲೆಗೆ ಸಾಮಗ್ರಿ ಆಯಿತು, ನಮ್ಮ ಊರಲ್ಲಿ ಏನೇನು ತಯಾರಾಗುತ್ತದೆ ಎಂದು ಮಕ್ಕಳಿಗೂ ಗೊತ್ತಾಯಿತು.

ಕೋಣೆ ಬಿಟ್ಟುಕೊಡುವುದು ಸುಲಭ. ತೀರ್ಮಾನ ಬಿಟ್ಟುಕೊಡುವುದು ಕಷ್ಟ. ಅದಕ್ಕೆ ನ್ಯೂ ಹೇವನ್‌ನ ಉದಾಹರಣೆ ಹೇಳುತ್ತೇನೆ. ಅಮೆರಿಕದ ಪೂರ್ವ ಕರಾವಳಿಯ ಊರು. ಯೇಲ್ ವಿಶ್ವವಿದ್ಯಾಲಯ ಅಲ್ಲೇ ಇದೆ, ಅದರ ಪಕ್ಕದಲ್ಲೇ ಕಡುಬಡತನದ ಬಡಾವಣೆಗಳೂ ಇವೆ. 1968ರಲ್ಲಿ ಅಲ್ಲಿನ ಮಕ್ಕಳ ಮನೋವೈದ್ಯ ಜೇಮ್ಸ್ ಕೋಮರ್ ಎರಡು ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಶುರುಮಾಡಿದರು. ಓದಿನಲ್ಲೂ ಹಾಜರಾತಿಯಲ್ಲೂ ಊರಿಗೇ ಹಿಂದೆ ಇದ್ದ ಶಾಲೆಗಳು. ಮೊದಲ ವರ್ಷ ಬರೀ ಗಲಾಟೆ. ಪೋಷಕರು ಸಿಟ್ಟಿನಿಂದ ಶಾಲೆಗೆ ನುಗ್ಗಿದ್ದೂ ಉಂಟು.

ಕೋಮರ್ ಒಬ್ಬ ಎಂಟು ವರ್ಷದ ಹುಡುಗನ ಬಗ್ಗೆ ಬರೆದಿದ್ದಾರೆ. ದೂರದ ಹಳ್ಳಿಯಿಂದ ಈ ನಗರಕ್ಕೆ ಆಗತಾನೆ ಬಂದವನು. ಮನೆಯವರು ಶಾಲೆಗೆ ತಂದು ಬಿಟ್ಟು ಹೋದರು. ತರಗತಿಯಲ್ಲಿ ಎಲ್ಲ ಅಪರಿಚಿತ ಮುಖಗಳು. ಹುಡುಗ ಗಾಬರಿಬಿದ್ದು ಶಿಕ್ಷಕಿಯ ಕಾಲಿಗೆ ಒದ್ದು ಹೊರಗೆ ಓಡಿದ. ಹಳೆಯ ಲೆಕ್ಕದಲ್ಲಿ ಇದಕ್ಕೆ ಶಿಕ್ಷೆ, ಮತ್ತೆ ಮತ್ತೆ ಶಿಕ್ಷೆ, ಕೊನೆಗೆ ‘ಇವನು ಸರಿ ಇಲ್ಲ’ ಎಂಬ ಹಣೆಪಟ್ಟಿ. ಇಲ್ಲಿ ಹಾಗೆ ಮಾಡಲಿಲ್ಲ. ಕೂತು ಯೋಚಿಸಿದರು. ತನ್ನವರನ್ನೆಲ್ಲ ಬಿಟ್ಟು ಬಂದ ಮಗುವಿಗೆ ಹೆದರಿಕೆ ಆಗುವುದು ಸಹಜ, ಹಾಗಾದರೆ ಹೊಸದಾಗಿ ಸೇರುವ ಮಕ್ಕಳನ್ನು ಶಾಲೆ ಹೇಗೆ ಬರಮಾಡಿಕೊಳ್ಳಬೇಕು ಎಂದು. ಒಬ್ಬ ಹುಡುಗನ ತುಂಟತನ ಅಂತ ಕಂಡದ್ದು ಇಡೀ ಶಾಲೆಯ ಪದ್ಧತಿ ಬದಲಿಸುವ ಕಾರಣವಾಯಿತು.

ಈ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು, ಶಿಕ್ಷಕರು, ಪೋಷಕರು, ಸಿಬ್ಬಂದಿ ಸೇರಿ ಒಂದು ನಿರ್ವಹಣಾ ತಂಡ ಇತ್ತು. ಅವರ ನಿಯಮಗಳು ಸರಳ. ತಪ್ಪು ಯಾರದ್ದು ಎಂದು ಹುಡುಕುತ್ತಾ ಕೂರಬಾರದು, ಸಮಸ್ಯೆ ಬಗೆಹರಿಸಬೇಕು. ಮತ ಹಾಕಿ ಸೋಲಿಸುವ ಬದಲು ಒಮ್ಮತಕ್ಕೆ ಬರಬೇಕು. ತಂಡ ಮುಖ್ಯೋಪಾಧ್ಯಾಯರ ಕೈ ಕಟ್ಟಿಹಾಕಬಾರದು, ಮುಖ್ಯೋಪಾಧ್ಯಾಯರು ತಂಡವನ್ನು ಮುದ್ರೆ ಒತ್ತುವ ಯಂತ್ರ ಮಾಡಿಕೊಳ್ಳಬಾರದು. 1984ರ ಹೊತ್ತಿಗೆ ಈ ಯೋಜನೆಯ ಎರಡು ಶಾಲೆಗಳ ನಾಲ್ಕನೇ ತರಗತಿಯ ಮಕ್ಕಳು ಪರೀಕ್ಷೆಯಲ್ಲಿ ಊರಿಗೇ ಮೂರನೆಯ ಮತ್ತು ನಾಲ್ಕನೆಯ ಸ್ಥಾನಕ್ಕೆ ಬಂದರು. ಬಡಾವಣೆಯ ಬಡತನ ಹಾಗೇ ಇತ್ತು. 1968ರಿಂದ 1984. ಒಂದು ವರ್ಷದ ಯೋಜನೆ ಕೊಟ್ಟು ಫಲಿತಾಂಶ ಕೇಳುವವರು ಈ ಎರಡು ಇಸವಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಇನ್ನು ‘ಎಲ್ಲ ನಮಗೇ ಗೊತ್ತು’ ಅನ್ನುವುದನ್ನು ಬಿಡುವ ಮಾತು. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಅವರ ಸಂಗಡಿಗರು ಶಿಕ್ಷಕರನ್ನು ಮಕ್ಕಳ ಮನೆಗೆ ಕಳಿಸಿದರು. 1992ರಲ್ಲಿ ಅದರ ಬಗ್ಗೆ ಬರೆದರು. ಶಿಕ್ಷಕರು ಹೋದದ್ದು ದೂರು ಹೇಳಲಿಕ್ಕಲ್ಲ, ಉಪದೇಶ ಮಾಡಲಿಕ್ಕೂ ಅಲ್ಲ. ಕೇಳಿ ತಿಳಿಯಲಿಕ್ಕೆ. ಮೆಕ್ಸಿಕೊ ಮೂಲದ ದುಡಿಯುವ ಕುಟುಂಬಗಳು ಅವು. ‘ಈ ಮನೆಗಳಲ್ಲಿ ಓದಿನ ವಾತಾವರಣ ಇಲ್ಲ’ ಎಂದು ಎಲ್ಲರೂ ನಂಬಿದ್ದರು. ಹೋಗಿ ನೋಡಿದರೆ ಅಲ್ಲಿ ಬೇಸಾಯ, ಗಣಿ, ಕಟ್ಟಡ, ರಿಪೇರಿ, ಗಿಡಮೂಲಿಕೆ, ಗಡಿಯಾಚೆಯ ವ್ಯಾಪಾರ ಎಲ್ಲದರ ತಿಳಿವಳಿಕೆ ತುಂಬಿತ್ತು. ಒಬ್ಬ ಹುಡುಗ ಮೆಕ್ಸಿಕೊದಿಂದ ತಂದ ಮಿಠಾಯಿಯನ್ನು ಮಾರುತ್ತಿದ್ದ. ಶಿಕ್ಷಕಿ ಅದನ್ನೇ ಪಾಠ ಮಾಡಿದರು. ಮಕ್ಕಳು ಎರಡು ದೇಶಗಳ ಮಿಠಾಯಿಯಲ್ಲಿ ಏನೇನು ಹಾಕುತ್ತಾರೆ ಎಂದು ಹೋಲಿಸಿದರು, ಯಾರಿಗೆ ಯಾವುದು ಇಷ್ಟ ಎಂದು ಸಮೀಕ್ಷೆ ಮಾಡಿ ಲೆಕ್ಕ ಹಾಕಿದರು. ಒಬ್ಬ ತಾಯಿ ತರಗತಿಗೆ ಬಂದು ಮಿಠಾಯಿ ಮಾಡುವುದನ್ನು ಕಲಿಸಿದರು. ಆ ದಿನ ಟೀಚರ್ ಅವರೇ.

ಆ ತಾಯಿಯನ್ನು ಪೋಷಕರ ಸಭೆಗೆ ಕರೆದಿದ್ದರೆ ಬರುತ್ತಿದ್ದರೋ ಇಲ್ಲವೋ. ಬಂದರೂ ಹಿಂದಿನ ಸಾಲಿನಲ್ಲಿ ಕೂತು ಸಹಿ ಹಾಕಿ ಹೋಗುತ್ತಿದ್ದರು. ‘ನಮ್ಮ ಪೋಷಕರಿಗೆ ಆಸಕ್ತಿಯೇ ಇಲ್ಲ’ ಅಂತ ಶಿಕ್ಷಕರು ಹೇಳುವುದನ್ನು ಕೇಳುತ್ತಲೇ ಇರುತ್ತೇನೆ. ಕರೆದದ್ದು ಯಾತಕ್ಕೆ ಅನ್ನುವುದನ್ನೂ ನೋಡಬೇಕಲ್ಲವೇ?

ಸಮಿತಿ ರಚಿಸುವ ಕಾನೂನುಗಳಿಗೆ ಕೊರತೆ ಇಲ್ಲ. ಜಪಾನಿನಲ್ಲಿ 2004ರಿಂದ ಸಮುದಾಯ ಶಾಲೆಗಳ ವ್ಯವಸ್ಥೆ ಇದೆ. ಅಲ್ಲಿ ಮುಖ್ಯಸ್ಥರು ಹಾಕುವ ಮೂಲ ಯೋಜನೆಗೆ ಪೋಷಕರು ಮತ್ತು ಊರಿನವರು ಇರುವ ಮಂಡಳಿ ಒಪ್ಪಿಗೆ ಕೊಡಬೇಕು. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ಕಾಗದದ ಮೇಲೆ ಇದಕ್ಕಿಂತ ಇನ್ನೇನು ಬೇಕು? ಆದರೆ ಸಭೆ ನಡೆಯದೆಯೂ ನಡಾವಳಿ ಪುಸ್ತಕ ತುಂಬುವ ಕಲೆ ಎಲ್ಲ ದೇಶಗಳಲ್ಲೂ ಇದೆ. ಸಮಿತಿ ನಿಜವೋ ಸುಳ್ಳೋ ತಿಳಿಯಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಪೋಷಕರು ಹೇಳಿದ್ದಕ್ಕಾಗಿ ಈ ವರ್ಷ ನೀವು ಯಾವ ತೀರ್ಮಾನ ಬದಲಿಸಿದಿರಿ?

ಇಷ್ಟೆಲ್ಲ ಮಾಡಿದರೆ ಮಕ್ಕಳ ಓದು ಸುಧಾರಿಸುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಡುಗಾತ್ರದ ಊರಲ್ಲ, ಆದರೂ ಶಿಕಾಗೊದ ಮಾತು ಹೇಳಲೇಬೇಕು. ಅಲ್ಲಿ ಆಂಥನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ ಎಂಬ ಸಂಶೋಧಕರು 1990ರ ದಶಕದಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಗಮನಿಸಿದರು. ಶಿಕ್ಷಕರು, ಪೋಷಕರು, ಮುಖ್ಯಸ್ಥರ ನಡುವೆ ನಂಬಿಕೆ ಗಟ್ಟಿ ಇದ್ದ ಶಾಲೆಗಳು ಓದು, ಗಣಿತದಲ್ಲಿ ಸುಧಾರಿಸುವ ಸಾಧ್ಯತೆ ಎರಡರಲ್ಲಿ ಒಂದು. ನಂಬಿಕೆ ತೀರಾ ಕಮ್ಮಿ ಇದ್ದಲ್ಲಿ ಏಳರಲ್ಲಿ ಒಂದು. ನಂಬಿಕೆ ಒಂದರಿಂದಲೇ ಮಗುವಿಗೆ ಭಾಗಾಕಾರ ಬರುವುದಿಲ್ಲ, ಒಳ್ಳೆಯ ಪಾಠ ಬೇಕೇ ಬೇಕು. ಆದರೆ ಪಾಠದಲ್ಲಿ ಏನೇ ಹೊಸದು ತರಲು ಹೊರಟರೂ ನಂಬಿಕೆ ಇಲ್ಲದ ಕಡೆ ಅದು ನಡೆಯುವುದಿಲ್ಲ.

ಕೊನೆಯ ಉದಾಹರಣೆ ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿ. ಸುಮಾರು ಮೂರು ಲಕ್ಷ ಜನರ ನಗರ. ಈ ಶತಮಾನದ ಆರಂಭದಲ್ಲಿ ಹಳೆಯ ಶಾಲಾ ಕಟ್ಟಡಗಳನ್ನು ಹೊಸದಾಗಿ ಕಟ್ಟಬೇಕಾಗಿ ಬಂತು. ಕಟ್ಟಲು ಜನರ ತೆರಿಗೆ ಬೇಕು, ಹಾಗಾದರೆ ಜನರಿಗೂ ಅದರಲ್ಲಿ ಏನಾದರೂ ಇರಲಿ ಎಂದು ಪ್ರತಿ ಶಾಲೆಯನ್ನೂ ಆ ಬಡಾವಣೆಯ ಕೇಂದ್ರ ಮಾಡಲು ತೀರ್ಮಾನಿಸಿದರು. ಬಡವರ ಬಡಾವಣೆಯಲ್ಲಿರುವ ಆಯ್ಲರ್ ಎಂಬ ಶಾಲೆ ಇದರಲ್ಲಿ ಹೆಸರುವಾಸಿ. ಅಲ್ಲಿ ಮಕ್ಕಳು ಎಂಟನೇ ತರಗತಿಗೆ ಓದು ಬಿಡುವುದು ಮಾಮೂಲಾಗಿತ್ತು. ಹೈಸ್ಕೂಲು ಬಡಾವಣೆಯ ಹೊರಗೆ ಇತ್ತು. ಊರಿನವರು ಕೇಳಿದ್ದು ಒಂದೇ: ಹನ್ನೆರಡರವರೆಗೆ ಇಲ್ಲೇ ಕಲಿಸಿ. ಶಾಲೆ ಬೆಳೆಯಿತು. ಒಳಗೇ ಆರೋಗ್ಯ ಕೇಂದ್ರ ಬಂತು. 2012ರಲ್ಲಿ ಕಣ್ಣಿನ ಚಿಕಿತ್ಸಾ ಕೇಂದ್ರ ಬಂತು. ಯೋಚನೆ ಮಾಡಿ, ಶಾಲೆಗಳಲ್ಲಿ ಕಣ್ಣು ಪರೀಕ್ಷೆ ಮಾಡಿ ‘ಡಾಕ್ಟರ ಹತ್ತಿರ ತೋರಿಸಿ’ ಎಂಬ ಚೀಟಿಯನ್ನು ಮನೆಗೆ ಕಳಿಸುತ್ತಾರೆ. ದಿನಗೂಲಿ ಬಿಟ್ಟು ಹೋಗಲಾಗದೆ ಆ ಚೀಟಿ ಬ್ಯಾಗಿನಲ್ಲೇ ಉಳಿಯುತ್ತದೆ. ಮಗು ವರ್ಷಪೂರ್ತಿ ಬೋರ್ಡು ಮಸುಕಾಗಿ ನೋಡುತ್ತದೆ. ಇಲ್ಲಿ ಮಗು ತರಗತಿಯಿಂದ ಎದ್ದು ಹೋಗಿ ಪರೀಕ್ಷೆ ಮಾಡಿಸಿಕೊಂಡು ಮತ್ತೆ ತರಗತಿಗೆ ಬಂದು ಕೂರುತ್ತದೆ.

ಅಲ್ಲಿನ ಎರಡು ಗುಟ್ಟುಗಳು ನಮಗೆ ಬೇಕು. ಹೊರಗಿನ ಸಂಸ್ಥೆಗೆ ಶಾಲೆ ಜಾಗ ಕೊಡುತ್ತದೆ, ನಡೆಸುವ ಖರ್ಚನ್ನು ಆ ಸಂಸ್ಥೆಯೇ ವಿಮೆ ಮುಂತಾದ ದಾರಿಗಳಲ್ಲಿ ಹುಟ್ಟಿಸಿಕೊಳ್ಳಬೇಕು. ಹಾಗಾಗಿ ದಾನ ನಿಂತ ದಿನ ಕೆಲಸ ನಿಲ್ಲುವುದಿಲ್ಲ. ಮತ್ತೆ, ಶಾಲೆಯಲ್ಲಿ ಒಬ್ಬ ಸಂಯೋಜಕರು ಇರುತ್ತಾರೆ. ಯಾವ ಮಗುವಿಗೆ ಏನು ಬೇಕು, ಊರಲ್ಲಿ ಅದು ಯಾರ ಹತ್ತಿರ ಇದೆ ಎಂದು ಜೋಡಿಸುವುದೇ ಅವರ ಪೂರ್ತಿ ಕೆಲಸ.

ಇನ್ನು ನಿಮ್ಮ ಪ್ರಶ್ನೆಗಳು.

ಒಬ್ಬ ಶಿಕ್ಷಕರು ಕೇಳಿದರು: ‘ಇದೆಲ್ಲ ಕೊನೆಗೆ ನಮ್ಮ ತಲೆ ಮೇಲೇ ಬೀಳುತ್ತದೆ ಅಲ್ವಾ ಸರ್?’ ಬೀಳುತ್ತದೆ, ಬೀಳಬಾರದು. ಟೂಸಾನ್‌ನಲ್ಲಿ ಮನೆಭೇಟಿಯನ್ನು ಶಿಕ್ಷಕರ ಸಂಶೋಧನೆ ಎಂದೇ ಪರಿಗಣಿಸಿದ್ದರು, ಸಂಜೆಯ ಬಿಟ್ಟಿ ಚಾಕರಿ ಅಂತಲ್ಲ. ಹೊಸ ಕೆಲಸ ಒಂದು ಕೊಟ್ಟರೆ ಹಳೆಯ ವರದಿ ಎರಡು ಕಮ್ಮಿ ಮಾಡಿ ಎಂದು ಕೇಳುವ ಹಕ್ಕು ನಿಮಗಿದೆ.

ಒಬ್ಬ ತಾಯಿ ಮಕ್ಕಳ ಸುರಕ್ಷತೆ ಬಗ್ಗೆ ಕೇಳಿದರು. ಸರಿಯಾದ ಪ್ರಶ್ನೆ. ಬೀಗ ತೆಗೆಯುವುದೆಂದರೆ ಯಾರು ಬೇಕಾದರೂ ಒಳಗೆ ಬರಲಿ ಅಂತಲ್ಲ. ಶಾಲೆ ನಡೆಯುವ ಹೊತ್ತಿನಲ್ಲಿ ಹೊರಗಿನವರಿಗೆ ಬೇರೆ ಬಾಗಿಲು ಇರಲಿ, ಬರುವವರ ಹಿನ್ನೆಲೆ ವಿಚಾರಿಸಿರಲಿ, ಯಾವ ಮಗುವಿನ ಜೊತೆಗೂ ಹೊರಗಿನ ಒಬ್ಬರೇ ಇರುವಂತೆ ಆಗದಿರಲಿ. ಇದರಲ್ಲಿ ರಾಜಿ ಬೇಡ, ಎಷ್ಟೇ ದೊಡ್ಡ ಮನುಷ್ಯರಾಗಿರಲಿ.

ಆ ಸಂಯೋಜಕರ ಸಂಬಳ ಯಾರು ಕೊಡಬೇಕು ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ನನ್ನ ಉತ್ತರ ಕೆಲವರಿಗೆ ಇಷ್ಟವಾಗದಿರಬಹುದು. ನಗರಾಡಳಿತವೋ ಶಿಕ್ಷಣ ಇಲಾಖೆಯೋ ಕೊಡಬೇಕು, ಕಂಪನಿ ಅಲ್ಲ. ಬಣ್ಣ, ಬೆಂಚು, ಕಂಪ್ಯೂಟರಿಗೆ ಕಂಪನಿಯಿಂದ ತೆಗೆದುಕೊಳ್ಳಿ. ಆದರೆ ಊರನ್ನೂ ಶಾಲೆಯನ್ನೂ ಜೋಡಿಸುವವರು ದಾನಿಯ ಸಂಬಳದಲ್ಲಿದ್ದರೆ ದಾನಿಗೆ ಬೇಡ ಎನ್ನಲು ಅವರಿಗೆ ಆಗುವುದಿಲ್ಲ. ನಾಲ್ಕು ಶಾಲೆಗೆ ಸೇರಿ ಒಬ್ಬರಾದರೂ ಸರಿ, ಆ ಹುದ್ದೆ ಮೊದಲು ಸರ್ಕಾರಿ ಸಂಬಳಪಟ್ಟಿಗೆ ಬರಲಿ. ಹೊಸ ದಾನಿಗಳನ್ನು ಆಮೇಲೆ ಹುಡುಕೋಣ.